ಮೇಷ್ಟ್ರ ಪೆಟ್ಟಿಗೆಗೆ ಮೋಟರು ಕಟ್ಟಿದ ಭಾನುವಾರ

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟ್ಟರ್. ಕೆಟ್ಟುಹೋದದ್ದು ಏನಾದರೂ ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಈ ಚಟಕ್ಕೆ ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತೇನೆ. ಆದರೆ ಭಾನುವಾರ ಬೆಳಿಗ್ಗೆ ನಾನು ಫಿಟ್ಟರ್ ಅಲ್ಲ, ಮಹಾವೀರ. ಪ್ಲೇಟಿಂಗ್ ಯೂನಿಟ್ಟೊಂದರ ಹಿಂದಿನ ಶೀಟಿನ ಶೆಡ್ಡಿನಲ್ಲಿ ನಮ್ಮ ಪೌರಾಣಿಕ ನಾಟಕದ ತಾಲೀಮು ನಡೆಯುತ್ತದೆ. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ರಂಗದ ಮೇಲೆ ಯಾರ ಕೈಯಲ್ಲಿ ಏನಿರುತ್ತದೋ ಅದೇ ಅವರ ಹೆಸರು. ನಾನು ಬಿಲ್ಲು. ಗಾರ್ಮೆಂಟ್ಸ್ ಸೂಪರ್‌ವೈಸರ್ ಒಬ್ಬ ಕೊಳಲು. ರಾಯಚೂರಿನ ಕಡೆಯಿಂದ ಬಂದು ಗೋದಾಮಿನಲ್ಲಿ ಮೂಟೆ ಹೊರುವ ಆರಡಿ ಆಳು ಗದೆ.

ಗದೆಯ ಗಂಟಲು ದೊಡ್ಡದು, ವಿವೇಕ ಸ್ವಲ್ಪ ಚಿಕ್ಕದು. ಹಾಡಿನ ಕೊನೆಯ ಸ್ವರ ಸಿಕ್ಕಿತೋ, ಕಣ್ಣು ಮುಚ್ಚಿ ಎಳೆಯಲು ಶುರು ಮಾಡುತ್ತಾನೆ. ಮುಂದಿನ ಮಾತು ಇನ್ನೊಬ್ಬನದು ಎಂಬುದು ಅವನಿಗೆ ಮರೆತೇ ಹೋಗುತ್ತದೆ. ಆ ಇನ್ನೊಬ್ಬ ನಾನೇ. ಎತ್ತಿದ ಬಿಲ್ಲು ಇಳಿಸಲಾಗದೆ ಎಷ್ಟು ಸಲ ತೋಳು ನೋಯಿಸಿಕೊಂಡಿದ್ದೇನೋ, ಎಷ್ಟು ಸಲ ಅವನನ್ನು ಮನಸಾರೆ ಶಪಿಸಿದ್ದೇನೋ ದೇವರಿಗೇ ಗೊತ್ತು. ಎಳೀಬೇಡ ಕಣೋ ಎಂದು ನಮ್ಮ ಹಾರ್ಮೋನಿಯಂ ಮೇಷ್ಟ್ರು ಹೇಳಿ ಹೇಳಿ ಸುಸ್ತಾಗಿದ್ದರು. ಆದರೂ ಅವನು ಎಳೆದಷ್ಟು ಹೊತ್ತೂ ಪೆಟ್ಟಿಗೆ ನಿಲ್ಲಿಸುತ್ತಿರಲಿಲ್ಲ.

ಮೇಷ್ಟ್ರದು ಕಾಲಿನಲ್ಲಿ ತುಳಿದು ನುಡಿಸುವ ಪೆಟ್ಟಿಗೆ. ಕೆಳಗೆ ಎರಡು ಹಲಗೆ ಇರುತ್ತವೆ. ಎಡಗಾಲು, ಬಲಗಾಲು ಒಂದಾದ ಮೇಲೊಂದು ಒತ್ತಿದರೆ ಒಳಗೆ ಗಾಳಿ ಓಡಾಡುತ್ತದೆ. ಒಂದೇ ಕಾಲಿನಲ್ಲಿ ಒತ್ತಿದರೆ ಸ್ವರ ಅರ್ಧಕ್ಕೇ ಸೊರಗಿಹೋಗುತ್ತದೆ. ಹಾಡುವವನ ಉಸಿರಿನ ಜೊತೆಗೇ ಪೆಟ್ಟಿಗೆಯೂ ಉಸಿರಾಡಬೇಕು ಎಂಬುದು ಅವರು ಹೇಳುತ್ತಿದ್ದ ಪಾಠ. ನಮಗೆ ಹಾಡು, ಮಾತು, ಕಿರೀಟ ಬೀಳದಂತೆ ನಡೆಯುವುದು, ಎಲ್ಲವನ್ನೂ ಕಲಿಸಿದವರು ಅವರೇ.

ಹೋದ ವರ್ಷ ಮೇಷ್ಟ್ರಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಕೈಗಳೂ ಉಳಿದವು. ಬಲಗಾಲು ಮಾತ್ರ ಹೇಳಿದ ಮಾತು ಕೇಳದಾಯಿತು. ನಾವೆಲ್ಲ ಶಿಫ್ಟ್ ಬದಲಾಯಿಸಿಕೊಂಡು ಆಸ್ಪತ್ರೆಗೆ ಮುತ್ತಿಗೆ ಹಾಕಿದೆವು. ನಮಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ, ಕೊನೆಯ ಸಾಲಿನವರಿಗೂ ಕೇಳಿಸಬೇಕು ಎಂದು ಕಲಿತವರು. ಕೊಳಲು ಮೇಷ್ಟ್ರ ಯೋಗಕ್ಷೇಮ ವಿಚಾರಿಸಿದ್ದು ಕೆಳಗಿನ ಮಹಡಿಗೂ ಕೇಳಿಸಿ, ಯಾರೋ ಹೊಡೆದಾಡುತ್ತಿದ್ದಾರೆಂದು ಸೆಕ್ಯೂರಿಟಿಯವರು ಓಡಿಬಂದರು. ಪಕ್ಕದ ಹಾಸಿಗೆಯ ಅಜ್ಜ ಒಂದು ಹಾಡು ಹೇಳಿ ಎಂದು ಕೇಳಿದ್ದೇ ತಡ, ಗದೆ ಕಣ್ಣು ಮುಚ್ಚಿದ. ದಿನಕ್ಕೆ ಒಬ್ಬರೇ ಬರಬೇಕು, ಬಂದವರು ಬಾಯಿ ತೆರೆಯಬಾರದು ಎಂದು ನರ್ಸಮ್ಮ ಕಟ್ಟಪ್ಪಣೆ ಮಾಡಿ ನಮ್ಮನ್ನು ಹೊರಗೆ ಕಳಿಸಿದರು. ಮೆಟ್ಟಿಲಿಳಿಯುವಾಗ ನಮಗೆ ನಗು ತಡೆಯಲಾಗಲಿಲ್ಲ.

ಮೇಷ್ಟ್ರು ಮನೆಗೆ ಬಂದ ಮೇಲೆ ನಮ್ಮ ನಗು ಕಡಿಮೆಯಾಯಿತು. ಆಟೋದಲ್ಲಿ ಫಿಸಿಯೋಥೆರಪಿಗೆ ಕರೆದೊಯ್ಯುವ ಸರದಿ ಒಬ್ಬರದು, ಸೊಪ್ಪಿನ ಸಾರು ತಲುಪಿಸುವ ಸರದಿ ಇನ್ನೊಬ್ಬರದು. ನಾವು ಒಂದು ದಿನವೂ ತಪ್ಪಲಿಲ್ಲ. ಮೇಷ್ಟ್ರೇ ಮನಸ್ಸು ಮಾಡಲಿಲ್ಲ. ಕಾಲಿನಲ್ಲಿ ಇನ್ನೂ ಶಕ್ತಿಯಿದೆ, ಇವರೇ ಒತ್ತಬೇಕು, ಒತ್ತದೆ ಬಿಟ್ಟರೆ ಇರುವುದೂ ಹೋಗುತ್ತದೆ ಎಂದು ಫಿಸಿಯೋಥೆರಪಿ ಮೇಡಂ ಹೇಳುತ್ತಲೇ ಇದ್ದರು. ಮೇಷ್ಟ್ರು ಗೋಡೆ ನೋಡುತ್ತ ಕೂರುತ್ತಿದ್ದರು. ಒಂದು ದಿನ ಅವರ ಮನೆಯಮ್ಮ ಅವರೆಕಾಯಿ ಬಿಡಿಸುತ್ತ, ಪೆಟ್ಟಿಗೆಯನ್ನು ಯಾರಿಗಾದರೂ ಕೊಟ್ಟುಬಿಡು ಅಂದ್ರಪ್ಪ ಎಂದರು. ನನಗೆ ಸಿಟ್ಟು ಬಂತು. ಅಷ್ಟು ಜನಕ್ಕೆ ಉಸಿರು ಹಿಡಿಯುವುದು ಕಲಿಸಿದವರು ಇಷ್ಟು ಬೇಗ ಕೈಚೆಲ್ಲಬಹುದೇ?

ಬಲಗಾಲು ಒತ್ತದಿದ್ದರೆ ಮೋಟರು ಒತ್ತಲಿ ಎಂಬ ಯೋಚನೆ ನನ್ನದೇ. ಪೀಣ್ಯದಲ್ಲಿ ಎಲ್ಲ ಕಷ್ಟಕ್ಕೂ ಹೊಳೆಯುವ ಪರಿಹಾರ ಅದೊಂದೇ. ಗುಜರಿಯಿಂದ ಲಾರಿಯ ವೈಪರ್ ಮೋಟರು ತಂದೆ. ಗೊತ್ತಿರುವ ಟರ್ನರ್ ಪುಲ್ಲಿ ಕಡೆದುಕೊಟ್ಟ, ವೆಲ್ಡರ್ ಸ್ಟ್ಯಾಂಡ್ ಮಾಡಿಕೊಟ್ಟ, ಕಿರೀಟಕ್ಕೆ ಬಳಿದು ಉಳಿದಿದ್ದ ಚಿನ್ನದ ಬಣ್ಣವನ್ನು ಕೊಳಲು ಅದರ ಮೈತುಂಬ ಬಳಿದ. ಎಲ್ಲರಿಗೂ ಹುರುಪು ತಲೆಗೇರಿತ್ತು. ಭಾನುವಾರ ಮೇಷ್ಟ್ರ ಮನೆಯಲ್ಲಿ ಬಲಗಡೆಯ ಹಲಗೆಗೆ ಅದನ್ನು ಜೋಡಿಸಿ, ಬೆಲ್ಟು ಹಾಕಿ, ಅರಿಸಿನ ಕುಂಕುಮ ಹಚ್ಚಿ ತೆಂಗಿನಕಾಯಿಯನ್ನೂ ಒಡೆದೆವು. ಇಬ್ಬರು ಹಿಡಿದು ಮೇಷ್ಟ್ರನ್ನು ತಂದು ಕೂರಿಸಿದರು. ಎಡಗಡೆಯ ಹಲಗೆ ಅವರ ಕಾಲಿಗೆ, ಬಲಗಡೆಯದು ನನ್ನ ಮೋಟರಿಗೆ. ಮನೆಯಮ್ಮನ ಮೇಲೆ ಕರುಣೆಯಿಟ್ಟು ಕೂತಂತಿತ್ತು ಅವರ ಮುಖ.

ಸ್ವಿಚ್ ಹಾಕಿದೆ. ಮೋಟರು ಟಕಟಕ ಓಡಿತು, ಸ್ವರ ಬಂತು, ನಾವು ಚಪ್ಪಾಳೆ ತಟ್ಟಿದೆವು. ಮೊದಲು ಹಾಡಿದ ಕೊಳಲು ಪದವೊಂದರ ನಡುವೆ ಉಸಿರಿಗೆಂದು ನಿಂತ. ಮೋಟರು ನಿಲ್ಲಲಿಲ್ಲ. ಅದರ ಹಿಂದೆ ಓಡಿ ಓಡಿ ಅವನು ಕೆಮ್ಮುತ್ತ ಕೂತುಬಿಟ್ಟ. ಆಮೇಲೆ ಗದೆ. ಮೇಷ್ಟ್ರು ಬೆರಳಿಟ್ಟರು, ಅವನು ಕೊನೆಯ ಸ್ವರ ಹಿಡಿದು ಕಣ್ಣು ಮುಚ್ಚಿ ಎಳೆದ. ಸ್ವರ ಮೆಲ್ಲಗೆ ಏರುತ್ತಿತ್ತು, ಮೋಟರು ತನ್ನ ಪಾಡಿಗೆ ಟಕಟಕ ಎನ್ನುತ್ತಿತ್ತು. ಮೇಷ್ಟ್ರ ಹುಬ್ಬು ಗಂಟಾಯಿತು.

"ನಿಲ್ಸೋ ಅದನ್ನ. ಹುಡುಗನ ಉಸಿರು ಕೆಡಿಸ್ತಾ ಇದೆ."

ನಾನು ಪ್ಲಗ್ ಕೀಳಲು ಬಗ್ಗಿದೆ. ಅಷ್ಟರಲ್ಲಿ ಮೇಷ್ಟ್ರ ಬಲಗಾಲು ಎದ್ದು ಹಲಗೆಯ ಮೇಲೆ ಬಿತ್ತು. ಬೆಲ್ಟು ಹಾರಿ ನನ್ನ ಕಾಲ ಬಳಿ ಬಂದು ಬಿತ್ತು, ಮೋಟರು ಬರಿದೇ ತಿರುಗತೊಡಗಿತು. ಇದಾವುದೂ ತಿಳಿಯದೆ ಗದೆ ಎಳೆಯುತ್ತಲೇ ಇದ್ದ. ಸ್ವರ ಇಳಿಯಲು ಶುರುವಾಯಿತು. ಎಡಗಾಲು ಒತ್ತಿತು. ಆಮೇಲೆ, ನಡುಗುತ್ತ, ಅರ್ಧದಷ್ಟೇ, ಬಲಗಾಲು ಒತ್ತಿತು. ಮತ್ತೆ ಎಡ. ಮತ್ತೆ ಬಲ, ಈ ಸಲ ಇನ್ನೂ ಸ್ವಲ್ಪ ಕೆಳಕ್ಕೆ. ಸ್ವರ ತುಂಬಿಕೊಂಡಿತು.

ಕೊಳಲು ನನ್ನ ಭುಜವನ್ನು ಹಿಂಡಿಬಿಟ್ಟ. ಮನೆಯಮ್ಮ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು, ಅಲುಗಾಡಲು ಭಯ. ಜನ್ಮದಲ್ಲಿ ಮೊದಲ ಸಲ, ನಿಲ್ಲಿಸಬೇಡ ಮಾರಾಯ, ಇನ್ನೂ ಎಳಿ ಎಂದು ಮನಸ್ಸಿನಲ್ಲೇ ಗದೆಗೆ ಕೈಮುಗಿದೆ.

ಅವನು ಕೊನೆಗೂ ಮುಗಿಸಿ ಕಣ್ಣು ತೆರೆದ. ಹಣೆ ಒರೆಸಿಕೊಂಡು ನನ್ನ ಕಡೆ ನೋಡಿದ.

"ಬಿಲ್ಲಣ್ಣ, ಮೋಟರ್ ಭಾರಿ ಐತಿ ನೋಡು. ನನ್ನ ಉಸಿರಿನ ಕೂಡನ ಬಂತು."

ನಾನು ಬಗ್ಗಿ ಬೆಲ್ಟು ಎತ್ತಿಕೊಂಡೆ. ಮೇಷ್ಟ್ರು ಬೆವರಿದ್ದರು. ನನ್ನ ಕೈಯಲ್ಲಿದ್ದ ಬೆಲ್ಟನ್ನು ನೋಡಿದರು, ಅವನನ್ನು ನೋಡಿದರು.

"ಹೌದು ಕಣೋ, ಮೋಟರೇ. ಎಲ್ಲಿ, ಇನ್ನೊಂದ್ಸಲ ಎಳಿ ನೋಡೋಣ."

ಇಷ್ಟು ವರ್ಷದಲ್ಲಿ ಅವನಿಗೆ ಯಾರೂ ಎಳಿ ಎಂದಿರಲಿಲ್ಲ. ಗದೆ ಸಂತೋಷದಿಂದ ಕಣ್ಣು ಮುಚ್ಚಿದ. ನಾನು ಸದ್ದಾಗದಂತೆ ಬೆಲ್ಟನ್ನು ಜೇಬಿಗೆ ಹಾಕಿಕೊಂಡೆ.