ಕಾಫಿ ಕಣದಲ್ಲಿ ಫೋಟೋ ತಾಲೀಮು

ಗೆಳೆಯರೇ, ಬರುವ ಭಾನುವಾರ ನಮ್ಮ ಮದುವೆ, ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. "ಇಬ್ರೂ ಕೈ ಹಿಡ್ಕೊಂಡು ನಿಧಾನಕ್ಕೆ ನಡೆಯೋದು ಪ್ರಾಕ್ಟೀಸ್ ಮಾಡಿ" ಎಂದು ಫೋಟೋಗ್ರಾಫರ್ ತಾಕೀತು ಮಾಡಿದ್ದಾರೆ. ನನ್ನ ಹುಡುಗ ಚೇತನ್ ಕ್ಯಾಮೆರಾ ಕಂಡರೆ ಆಧಾರ್ ಕಾರ್ಡಿನ ಮುಖ ಮಾಡುವವನು. ಹಾಗಾಗಿ ಇವತ್ತು ಆಲ್ದೂರಿನ ಅವನ ಮನೆಯ ಕಾಫಿ ತೋಟಕ್ಕೇ ಹೋದೆ. ಅಲ್ಲಿ ಸಮತಟ್ಟು ಜಾಗ ಎಂದರೆ ಕಾಫಿ ಒಣಗಿಸುವ ಕಣ ಒಂದೇ. ಅದರ ಅಂಚಿನಲ್ಲಿ ನಡೆಯತೊಡಗಿದೆವು.

ಕಣದಲ್ಲಿ ಹಲಗೆಯಿಂದ ಕಾಫಿ ಹಣ್ಣು ತಿರುವುತ್ತಿದ್ದ ಭಾವೀ ಮಾವ ಸ್ವಲ್ಪ ಹೊತ್ತು ನೋಡಿದರು.

"ಅಂಚಲ್ಲಿ ಯಾಕೆ? ಚಪ್ಪಲಿ ಬಿಟ್ಟು ಕಾಫಿ ಮೇಲೇ ನಡೀರಿ. ಕಾಲು ಎತ್ಬೇಡಿ, ಎಳ್ಕೊಂಡು ಹೋಗಿ. ಸಾಲು ಬಿದ್ರೆ ಬೇಗ ಒಣಗುತ್ತೆ."

ಹಾಗೆಂದವರು ಕೈಲಿದ್ದ ಹಲಗೆಯನ್ನು ಗೋಡೆಗೆ ಒರಗಿಸಿ ಕಾಫಿ ಕುಡಿಯಲು ಒಳಗೆ ಹೋದರು.

ಕೈ ಬಿಡದೆ ಇಡೀ ಕಣ ಮುಗಿಸಿದೆವು. "ನಿನ್ನ ಸಾಲು ಸೊಟ್ಟ ಮಾರಾಯ್ತಿ" ಎಂದು ಚೇತನ್ ಮುಖ ತುಂಬ ನಕ್ಕ. ಅದನ್ನೇ ಅತ್ತೆ ಜಗಲಿಯಿಂದ ಮೊಬೈಲಿನಲ್ಲಿ ಹಿಡಿದರು.

ವಿಡಿಯೋ ನೋಡಿದ ಫೋಟೋಗ್ರಾಫರ್, "ಸೂಪರ್ ಮೇಡಂ, ಈ ನಡಿಗೆ ಯಾರು ಕಲಿಸಿದ್ದು?" ಎಂದು ಕೇಳಿದ್ದಾರೆ.

ಈಗಷ್ಟೇ ಮಾವನ ಫೋನ್ ಬಂತು. "ನಾಳೆ ನಿಮ್ಮ ಕಡೆ ನೆಂಟರನ್ನೂ ಕರ್ಕೊಂಡು ಬಾಮ್ಮ. ಗ್ರೂಪ್ ಫೋಟೋಕ್ಕೂ ಪ್ರಾಕ್ಟೀಸ್ ಬೇಕಲ್ಲ."