ಗಿರಣಿ ಕಾಡಪ್ಪನ ಪ್ರಾಣಾಯಾಮ

ಸವದತ್ತಿಯ ಗಿರಣಿ ಕಾಡಪ್ಪನ ಪ್ರಾಣಾಯಾಮ ಮುಗಿಯದೆ ನಮ್ಮ ಓಣಿಗೆ ಬೆಳಗಾಗುವುದಿಲ್ಲ. ಗಿರಣಿಯ ಕಟ್ಟೆಯ ಮೇಲೆ ಪದ್ಮಾಸನ ಹಾಕಿ, "ಉಸಿರು ಎಲ್ಲಾರೂ ಆಡತಾರ್ರಿ, ನಡಸಾಂವ ನಾ ಒಬ್ಬಾಂವ" ಎಂದು ಸಾರಿ ಮೂಗು ಹಿಡಿಯುತ್ತಾನೆ. ಅವನು ಉಸಿರು ಬಿಟ್ಟ ಸದ್ದಿಗೆ ಎಲ್ಲಮ್ಮನ ಗುಡ್ಡದ ಬಸ್ಸಿನ ಡ್ರೈವರು ಗಾಬರಿಯಿಂದ ಇಳಿದು ಗಾಲಿ ಒದ್ದು ನೋಡುತ್ತಾನೆ. "ಲಗೂನ ಮುಗಸ್ರಿ ಕಾಡಪ್ಪಣ್ಣಾ, ನಿಮ್ಮ ಉಸಿರು ಕಾಯಕೋತ ಕುಂತ್ರ ನಾವು ರೊಟ್ಟಿ ಬಡಿಯೂದು ಯಾವಾಗ?" ಎಂದು ಜೋಳದ ಬುಟ್ಟಿ ಹೊತ್ತ ಕೆಂಪವ್ವ ಕೂಗಿದರೂ ಅವನು ಕಣ್ಣು ತೆರೆಯುವುದಿಲ್ಲ. ಹಿಂದಿನ ಕಿಟಕಿಯಿಂದ ಕೆಮ್ಮು ಕೇಳಿದರೆ ಮಾತ್ರ ಮೂಗು ಬಿಟ್ಟು ಅತ್ತ ವಾಲುತ್ತಾನೆ. ಹಿಟ್ಟಿನ ಧೂಳಿಗೆ ದಮ್ಮು ಹತ್ತಿದ ಹೆಂಡತಿ ಲಗಮವ್ವ ಒಳಗೆ ಗೋಡೆಗೊರಗಿ ಕುಳಿತಿರುತ್ತಾಳೆ. "ಗಡಬಡಿ ಬ್ಯಾಡ. ನಾ ಜೋರಾಗಿ ಉಸಿರು ಬಿಡತೇನಿ, ಕೇಳಕೋತ ನನ್ನ ಸಂಗಾಟ ಬಿಡು" ಎನ್ನುತ್ತಾನೆ. ಅವಳ ಉಸಿರು ಹದಕ್ಕೆ ಬರುವವರೆಗೆ ಗಿರಣಿ ಶುರುವಾಗುವುದಿಲ್ಲ. ಅಷ್ಟರಲ್ಲಿ ಬುಟ್ಟಿ ಇಳಿಸಿ ಕುಳಿತ ಕೆಂಪವ್ವನೂ ತನಗರಿವಿಲ್ಲದೆ ಅವರಿಬ್ಬರ ಜೊತೆ ಸುಯ್ಯೆಂದು ಉಸಿರು ಬಿಡುತ್ತಿರುತ್ತಾಳೆ.