ಆಂಡಾಳ್‌ಳ ಮೂರು ದಿನ

ಆಂಡಾಳ್‌ಗೆ ಮುಟ್ಟು ನಿಂತುಹೋಗಿತ್ತು. ಮಲ್ಲೇಶ್ವರದ ಆ ಮನೆಯಲ್ಲಿ ಅದನ್ನವಳು ಯಾರಿಗೂ ಹೇಳಿರಲಿಲ್ಲ. ತಿಂಗಳಿಗೊಮ್ಮೆ 'ಹೊರಗೆ' ಎಂದು ಮಾಳಿಗೆಯ ಕೋಣೆ ಸೇರಿದರೆ ಮೂರು ದಿನ ಒಲೆಯಿಲ್ಲ, ಮಡಿಯಿಲ್ಲ, 'ಆಂಡಾಳ್' ಎಂಬ ಕೂಗಿಲ್ಲ. ಮದುವೆಯಾದಂದಿನಿಂದ ಅವಳಿಗೆ ಸಿಕ್ಕ ರಜೆ ಅದೊಂದೇ.

ಆ ಸಲ ಅವಳು ಹಾಗೆ ಮಾಳಿಗೆಯಲ್ಲಿದ್ದಾಗಲೇ ಬೀದಿಯ ಸಂಘದವರು ವಾರ್ಷಿಕೋತ್ಸವಕ್ಕೆಂದು ಡ್ರೋನ್ ಹಾರಿಸಿ ಇಡೀ ಬೀದಿಯ ವಿಡಿಯೋ ಮಾಡಿಸಿದರು. ವಾಟ್ಸಾಪ್ ಗುಂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಎದುರುಮನೆಯ ವಾಣಿ ಮಾತ್ರ, 'ನಮ್ಮ ಮಾಳಿಗೆ ವಿಡಿಯೋ ತೆಗೆಯೋಕೆ ಯಾರನ್ನ ಕೇಳಿದ್ರಿ?' ಎಂದು ಬರೆದಳು.

"ಮುಚ್ಚಿಡೋವಂಥದ್ದು ಏನಿದೆಯಂತೆ ಇವರ ಮಾಳಿಗೇಲಿ?" ಎಂದು ಆಂಡಾಳ್‌ಳ ಗಂಡ ವರದರಾಜ ನಕ್ಕು, ವಿಡಿಯೋವನ್ನು ಟೀವಿಗೆ ಹಾಕಿದ.

ಅದರಲ್ಲಿ ಆಂಡಾಳ್ ಮಾಳಿಗೆಯ ಮೇಲಿನ ತುಳಸಿಗೆ ನೀರು ಹಾಕುತ್ತಿದ್ದಳು. ಒಣಗಿದ ಎಲೆಗಳನ್ನು ಚಿವುಟುತ್ತಿದ್ದಳು. ಅವಳು ಹೊರಗಿರುವಾಗ ಆ ಗಿಡಕ್ಕೆ ನೀರು ಹಾಕಬೇಕೆಂದು ಮನೆಯಲ್ಲಿ ಯಾರಿಗೂ ತೋಚುತ್ತಿರಲಿಲ್ಲ.

"ಆಂಡಾಳ್!" ಅತ್ತೆ ಕೂಗಿದರು. ಅವಳು ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತಳು. "ಹೊರಗಾದವಳು ತುಳಸೀನ ಮುಟ್ಟಿದ್ಯಲ್ಲೇ! ಪೆರುಮಾಳ್‌ಗೆ ಇನ್ನೇನು ಏರಿಸೋದು?"

ಮುಟ್ಟಾಗಿಲ್ಲ ಎಂದರೆ ತುಳಸಿ ಉಳಿಯುತ್ತಿತ್ತು, ಮೂರು ದಿನ ಹೋಗುತ್ತಿತ್ತು.

"ಬಿಸಿಲಿಗೆ ಬಾಡ್ತಿತ್ತು ಅತ್ತೆ. ತಪ್ಪಾಯ್ತು."

"ಹೋಗ್ಲಿ ಬಿಡಮ್ಮ," ಎಂದ ವರದರಾಜ. ಹೋಟೆಲಿನ ಸಾರು ತಿಂದು ಅವನಿಗೆ ಸಾಕಾಗಿತ್ತು. "ಡ್ರೋನ್ ಹಾರೋ ಕಾಲದಲ್ಲಿ ಹೊರಗೆ ಕೂರೋದೇನು? ಊರೆಲ್ಲ ನೋಡೋ ಹಾಗಾಯ್ತು. ಆಂಡಾಳ್, ಇನ್ಮೇಲೆ ಆ ಪದ್ಧತಿ ಬೇಡ. ಕೆಳಗೇ ಇದ್ಬಿಡು."

"ಅಪ್ಪ, ಸೂಪರ್!" ಮಗಳು ಆರಾಧನಾ ಚಪ್ಪಾಳೆ ತಟ್ಟಿದಳು.

"ಇಲ್ಲ ರೀ, ನಾನು ಮೇಲೇ ಇರ್ತೀನಿ. ನಂಗೇನೂ ಕಷ್ಟ ಇಲ್ಲ."

"ನೋಡೇ ನಿಮ್ಮಮ್ಮನ್ನ! ಬಿಡುಗಡೆ ಕೊಟ್ರೂ ಬೇಡ ಅಂತಾಳೆ."

ಆಂಡಾಳ್ ಅತ್ತೆಯತ್ತ ತಿರುಗಿದಳು. ಇಷ್ಟು ವರ್ಷ ಮಡಿಯೆಂದು ತನ್ನನ್ನು ಗದರಿದ ಆ ಮುದುಕಿಯೊಬ್ಬರೇ ಈಗ ಅವಳಿಗೆ ದಿಕ್ಕು. "ನೀವಾದ್ರೂ ಹೇಳಿ ಅತ್ತೆ. ಪದ್ಧತಿ ಬಿಡಬಾರ್ದು ಅಂತ ಹೇಳಿ."

ಅತ್ತೆ ಮಂಡಿ ನೀವಿಕೊಂಡರು. "ನನ್ಗೂ ಒಲೆ ಮುಂದೆ ನಿಲ್ಲೋಕೆ ಆಗಲ್ವೇ ಈಗ. ತಲೆಗೆ ನೀರು ಹಾಕ್ಕೊಂಡು ಬಾ. ಅಕ್ಕಿ ನೆನೆಹಾಕ್ಬೇಕು."

ಮೂವರೂ ಮತ್ತೆ ಟೀವಿಯತ್ತ ತಿರುಗಿದರು. ಆಂಡಾಳ್ ಚಾಪೆ ತರಲು ಮೇಲೆ ಹೋದಳು. ಅದನ್ನು ಅರ್ಧ ಸುತ್ತಿ, ಅದರ ಮೇಲೇ ಮುಖವಿಟ್ಟು, ಕೆಳಗೆ ಕೇಳದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.